ಇಟ್ಟಿಗೆ ಮತ್ತು ಚಕಮಕಿ: ಚಿಲ್ಟರ್ನ್ ಬೆಟ್ಟಗಳ ಒಕ್ಕಲುಮನೆಯ ವಾಸ್ತುವಿಮರ್ಶೆ

೧

ವಾಸ್ತುಶಿಲ್ಪದ ವಿಮರ್ಶೆಯೆಂದರೆ ದೇವಾಲಯ, ಅರಮನೆ, ಕೋಟೆಗಳ ವಿಮರ್ಶೆಯೆಂದೇ ನಾವು ಬಹುಮಟ್ಟಿಗೆ ಎಣಿಸಿಕೊಂಡಿದ್ದೇವೆ. ಒಕ್ಕಲಿಗನೊಬ್ಬನು ತನ್ನ ದನಕರುಗಳ, ಕಾಳುಕಡ್ಡಿಗಳ ಮಗ್ಗುಲಲ್ಲಿ ತಾನೂ ಬಾಳಲೆಂದು ಕಟ್ಟಿಕೊಂಡ ಮನೆಯನ್ನು ಇತಿಹಾಸಕಾರನು ಗಮನಿಸಬಹುದು, ಸಮಾಜಶಾಸ್ತ್ರಜ್ಞನು ಗಮನಿಸಬಹುದು; ಕಲಾವಿಮರ್ಶಕನಿಗೆ ಅಲ್ಲೇನು ಕೆಲಸ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಪ್ರಶ್ನೆ ಹೊಸದೇನೂ ಅಲ್ಲ. ಜಾನ್ ರಸ್ಕಿನ್ ೧೮೪೯ರಲ್ಲಿ ಪ್ರಕಟಿಸಿದ ‘ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್’ ಎಂಬ ಗ್ರಂಥದ ಮೊದಲಲ್ಲಿಯೇ ಕಟ್ಟಡ ಬೇರೆ, ವಾಸ್ತುಶಿಲ್ಪ ಬೇರೆ ಎಂದು ಗೆರೆಯೆಳೆದನು. ಉಪಯೋಗಕ್ಕೆ ಬೇಕಾದಷ್ಟನ್ನು ಮಾತ್ರ ಮಾಡಿ ನಿಲ್ಲಿಸಿದರೆ ಅದು ಕಟ್ಟಡ. ಉಪಯೋಗಕ್ಕೆ ಅನಾವಶ್ಯಕವಾದ ಚೆಲುವನ್ನೋ ಗಾಂಭೀರ್ಯವನ್ನೋ ಅದಕ್ಕೆ ಕೂಡಿಸಿದಾಗ ಅದು ವಾಸ್ತುಶಿಲ್ಪ—ಇದು ಆತನ ಮತದ ತಿರುಳು. ಸುಮಾರು ನೂರು ವರ್ಷಗಳ ಅನಂತರ ನಿಕೊಲಾಸ್ ಪೆವ್ಸ್‌ನರ್ ಅವರು ಯುರೋಪಿನ ವಾಸ್ತುಶಿಲ್ಪವನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬೈಸಿಕಲ್ಲಿನ ಕೊಟ್ಟಿಗೆಯನ್ನು ಒಂದು ಕಡೆಯೂ ಲಿಂಕನ್ನಿನ ಕತೀಡ್ರಲನ್ನು ಇನ್ನೊಂದು ಕಡೆಯೂ ಇರಿಸಿ ಅದೇ ಗೆರೆಯನ್ನು ಇನ್ನಷ್ಟು ದಪ್ಪವಾಗಿ ಎಳೆದರು. ಆದರೆ ಅದೇ ಪೆವ್ಸ್‌ನರ್ ಅವರು ೧೯೫೧ರಿಂದ ೧೯೭೪ರವರೆಗೆ ಇಂಗ್ಲೆಂಡಿನ ಒಂದೊಂದು ಕೌಂಟಿಯನ್ನೂ ಸುತ್ತಿ ‘ದಿ ಬಿಲ್ಡಿಂಗ್ಸ್ ಆಫ್ ಇಂಗ್ಲೆಂಡ್’ ಮಾಲೆಯನ್ನು ಸಿದ್ಧಪಡಿಸುವಾಗ ಒಕ್ಕಲುಮನೆಗಳನ್ನೂ ಕಣಜಗಳನ್ನೂ ಕೈಬಿಡಲಿಲ್ಲ. ಅವರ ಸಿದ್ಧಾಂತಕ್ಕಿಂತ ಅವರ ಕಣ್ಣು ಉದಾರವಾಗಿತ್ತೆಂದು ಹೇಳಬೇಕು.

ಈ ಎರಡು ಮತಗಳಿಗೂ ಆಧಾರವಾಗಿರುವ ಒಂದು ಕಲ್ಪನೆಯುಂಟು: ಅಲಂಕಾರವೆಂಬುದು ಆವಶ್ಯಕತೆ ಮುಗಿದ ಮೇಲೆ ಹೊರಗಿನಿಂದ ತಂದು ಸೇರಿಸಿದ್ದು ಎಂಬುದು. ನಮ್ಮ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಈ ಕಲ್ಪನೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಾರದು. ಒಂಬತ್ತನೆಯ ಶತಮಾನದ ಆನಂದವರ್ಧನನು ಒಳ್ಳೆಯ ಅಲಂಕಾರದ ಲಕ್ಷಣವನ್ನು ಹೇಳುತ್ತ, ಅದು ‘ಅಪೃಥಗ್ಯತ್ನನಿರ್ವರ್ತ್ಯ’ವಾಗಿರಬೇಕೆಂದು, ಎಂದರೆ ಬೇರೆ ಪ್ರಯತ್ನವನ್ನು ಬೇಡದೆ ಮೂಲ ಕಾರ್ಯದಿಂದಲೇ ಒದಗಿ ಬರಬೇಕೆಂದು ವಿಧಿಸಿದನು. ರಸದಲ್ಲಿ ಮುಳುಗಿದ ಕವಿಯನ್ನು ಕುರಿತು ಹೇಳಿದ ಮಾತನ್ನು ಗಾರೆಕೆಲಸದವನ ಗೋಡೆಗೆ ಹಚ್ಚುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಆ ಆಕ್ಷೇಪಣೆಯ ಬಲಾಬಲವನ್ನು ಗೋಡೆಯ ಮುಂದೆಯೇ ನಿಂತು ಪರೀಕ್ಷಿಸೋಣ. ಇಂಗ್ಲೆಂಡಿನ ಚಿಲ್ಟರ್ನ್ ಬೆಟ್ಟಗಳಲ್ಲಿ ಇಟ್ಟಿಗೆ ಮತ್ತು ಚಕಮಕಿ ಕಲ್ಲುಗಳನ್ನು ಬೆರೆಸಿ ಕಟ್ಟಿದ ಒಕ್ಕಲುಮನೆಯು ಇಂಥ ಪರೀಕ್ಷೆಗೆ ಬಹಳ ತಕ್ಕ ವಸ್ತು.

೨

ಚಿಲ್ಟರ್ನ್ ಬೆಟ್ಟಗಳೆಂಬುವು ಲಂಡನ್ನಿನ ವಾಯವ್ಯಕ್ಕೆ, ಥೇಮ್ಸ್ ನದಿಯ ದಡದ ಗೋರಿಂಗ್‌ನಿಂದ ಈಶಾನ್ಯದ ಹಿಚಿನ್ ಕಡೆಗೆ ಹಬ್ಬಿರುವ ತಗ್ಗು ಬೆಟ್ಟಗಳ ಸಾಲು. ಬೆಟ್ಟವೆಂದರೆ ನಮ್ಮ ಕಣ್ಣಿಗೆ ಕಟ್ಟುವಂಥ ಬೆಟ್ಟವಲ್ಲ. ಅದರ ಅತ್ಯುನ್ನತ ಸ್ಥಳವೂ ೯೦೦ ಅಡಿಗಳನ್ನು ಮುಟ್ಟುವುದಿಲ್ಲ. ಒಳಗಿನದೆಲ್ಲ ಸೀಮೆಸುಣ್ಣದ ಮೆದುಕಲ್ಲು. ಪುರಾತನ ಸಮುದ್ರವೊಂದರ ತಳದಲ್ಲಿ ಅತಿಸೂಕ್ಷ್ಮ ಜೀವಿಗಳ ಚಿಪ್ಪುಗಳು ಅಸಂಖ್ಯಾತವಾಗಿ ನೆಲೆಸಿ ಆದ ಕಲ್ಲು ಇದು. ಅದೇ ಸಮುದ್ರದ ಸ್ಪಂಜು ಮೊದಲಾದ ಜೀವಿಗಳ ದೇಹದಲ್ಲಿದ್ದ ಸಿಲಿಕವು ಕರಗಿ, ಸುಣ್ಣದ ಪದರಗಳ ನಡುವೆ ಗಂಟುಗಂಟಾಗಿ ಮರಳಿ ಹೆಪ್ಪುಗಟ್ಟಿದುದರಿಂದ ಚಕಮಕಿ ಕಲ್ಲು ಹುಟ್ಟಿತು. ಹೊರಗೆ ಬಿಳಿಯ ತೊಗಲು, ಒಳಗೆ ಕಪ್ಪು ಇಲ್ಲವೆ ಕಂದು ಬಣ್ಣ, ಗಾಜಿನಂತೆ ನುಣುಪು, ಒಡೆದರೆ ಚಿಪ್ಪಿನಾಕಾರದ ಚಕ್ಕೆ. ಬೆಂಕಿ ಹುಟ್ಟಿಸುವ ಕಲ್ಲೆಂದು ಮಾತ್ರ ನಾವು ಬಲ್ಲ ಈ ವಸ್ತುವನ್ನು ಆ ದ್ವೀಪದ ಜನರು ನವಶಿಲಾಯುಗದಿಂದಲೂ ಅಗೆದು ತೆಗೆದಿದ್ದಾರೆ. ನಾರ್ಫಕ್ ಪ್ರಾಂತದ ಗ್ರೈಮ್ಸ್ ಗ್ರೇವ್ಸ್ ಎಂಬ ಸ್ಥಳದ ಗಣಿಗಳು ನಾಲ್ಕು ಸಾವಿರ ವರ್ಷಗಳಿಗಿಂತ ಹಳೆಯವು.

ಸುಣ್ಣದ ಕಲ್ಲಿನ ಮೇಲೆ, ಬೆಟ್ಟದ ನೆತ್ತಿಯಲ್ಲಿ, ಚಕಮಕಿಗಳು ಹುದುಗಿದ ಕೆಂಪು ಜೇಡಿಮಣ್ಣಿನ ಹೊದಿಕೆಯೊಂದು ಹರಡಿಕೊಂಡಿದೆ. ಇಟ್ಟಿಗೆಗೆ ಬೇಕಾದ ಮಣ್ಣನ್ನು ಈ ಹೊದಿಕೆಯೂ ಇದರ ಜೊತೆಯಲ್ಲಿ ಅಲ್ಲಲ್ಲಿ ಉಳಿದಿರುವ ಇತರ ಜೇಡಿಪದರಗಳೂ ಒದಗಿಸಿದುವು. ಗೂಡಿಗೆ ಸೌದೆಯನ್ನು ಇಳಿಜಾರಿನ ಬೀಚ್ ಕಾಡುಗಳು ಕೊಟ್ಟುವು. ಗಾರೆಯ ಸುಣ್ಣವು ಬುಡದ ಸೀಮೆಸುಣ್ಣವನ್ನು ಸುಟ್ಟರೆ ಬಂದಿತು. ಹೀಗೆ ಇಟ್ಟಿಗೆ, ಚಕಮಕಿ, ಸುಣ್ಣ, ಸೌದೆ ನಾಲ್ಕೂ ಒಂದೇ ಬೆಟ್ಟದ ಬೇರೆ ಬೇರೆ ಪದರಗಳು. ಇಲ್ಲದುದು ಒಂದೇ: ಮಟ್ಟಸವಾಗಿ ಕಡೆದು ಮೂಲೆಗೆ ಇಡಬಹುದಾದ ಒಳ್ಳೆಯ ಕಟ್ಟಡದ ಕಲ್ಲು. ಅದು ಬೇಕಾದರೆ ದೂರದ ಸುಣ್ಣಶಿಲೆಯ ನಾಡಿನಿಂದ ಬಂಡಿಗಳಲ್ಲಿ ತರಿಸಬೇಕು. ತರಿಸುವ ಶಕ್ತಿ ಚರ್ಚಿಗೂ ಪ್ರಭುಗಳಿಗೂ ಇತ್ತು, ಒಕ್ಕಲಿಗನಿಗೆ ಇರಲಿಲ್ಲ.

ಇಟ್ಟಿಗೆಯೂ ಮೊದಲು ಪ್ರಭುಗಳ ವಸ್ತುವೇ. ಆಕ್ಸ್‌ಫರ್ಡ್‌ಷೈರಿನ ಸ್ಟೋನರ್ ಮನೆತನದವರ ಲೆಕ್ಕಪತ್ರಗಳಲ್ಲಿ, ೧೪೧೬–೧೭ರಲ್ಲಿ ನೆರೆಯ ನೆಟಲ್‌ಬೆಡ್ ಎಂಬಲ್ಲಿಂದ ಎರಡು ಲಕ್ಷ ಇಟ್ಟಿಗೆಗಳನ್ನು ತರಿಸಿದ ದಾಖಲೆ ಉಂಟು. ಅವನ್ನು ಮಾಡಿದವರು ಫ್ಲಾಂಡರ್ಸ್ ದೇಶದಿಂದ ಬಂದ ಕೆಲಸಗಾರರು. ಅದೇ ನೆಟಲ್‌ಬೆಡ್ಡಿನಲ್ಲಿ ಸೀಸೆಯ ಆಕಾರದ ಹಳೆಯ ಇಟ್ಟಿಗೆ ಗೂಡೊಂದು ಇಂದಿಗೂ ನಿಂತಿದೆ. ಒಕ್ಕಲಿಗನ ಮನೆಗೆ ಇಟ್ಟಿಗೆ ಪ್ರವೇಶಿಸಿದ್ದು ಹದಿನಾರನೆಯ ಶತಮಾನದಲ್ಲಿ, ಅದೂ ಹೊಗೆಗೂಡಿನ ಮೂಲಕ. ಮರದ ಚೌಕಟ್ಟಿನ ಮನೆಗೆ ಬೆಂಕಿ ತಾಗದ ವಸ್ತುವಿನ ಹೊಗೆಗೂಡು ಬೇಕಾಯಿತು. ಇಟ್ಟಿಗೆಯು ಒಲೆಯಿಂದ ಗೋಡೆಗೆ ಇಳಿದು ಬರಲು ಮತ್ತೆ ನೂರು ವರ್ಷಗಳೇ ಹಿಡಿದುವು.

೩

ಇನ್ನು ಗೋಡೆಯ ವ್ಯಾಕರಣವನ್ನು ನೋಡೋಣ. ಚಕಮಕಿಗೆ ಮೂರು ದೋಷಗಳುಂಟು. ಅದು ಗುಂಡಗೆ, ಅಂಕುಡೊಂಕಾಗಿ ಇರುವುದರಿಂದ ಒಂದರ ಮೇಲೊಂದು ಕೂರುವುದಿಲ್ಲ. ಅದು ನೀರನ್ನು ಹೀರುವುದಿಲ್ಲ. ಆದ್ದರಿಂದ ಸುಣ್ಣದ ಗಾರೆ ಬೇಗ ಬಿಗಿಯದೆ ಬಹುಕಾಲ ಹಸಿಯಾಗಿಯೇ ಉಳಿಯುತ್ತದೆ. ಅದಕ್ಕೆ ನೇರ ಅಂಚಿಲ್ಲ. ಆದ್ದರಿಂದ ಮೂಲೆ, ಬಾಗಿಲು, ಕಿಟಕಿಗಳ ಬಳಿ ಗೋಡೆಯು ಕೊನೆಗೊಳ್ಳಬೇಕಾದ ಸ್ಥಳಗಳಲ್ಲಿ ಅದು ಕೈಕೊಡುತ್ತದೆ. ಗುಣವೂ ಒಂದುಂಟು: ಹಿಮ, ಮಳೆ, ಗಾಳಿ ಯಾವುದಕ್ಕೂ ಅದು ಸವೆಯುವುದಿಲ್ಲ. ಇಟ್ಟಿಗೆಯ ಗುಣದೋಷಗಳು ಇದಕ್ಕೆ ಸರಿಯಾಗಿ ವಿರುದ್ಧವಾದುವು. ಮಟ್ಟಸ, ನೇರ ಅಂಚು, ಗಾರೆಯನ್ನು ಹೀರಿ ಹಿಡಿಯುವ ಮೈ—ಇವು ಗುಣ. ಬೆಲೆ ಹೆಚ್ಚು, ಚೆನ್ನಾಗಿ ಬೇಯದಿದ್ದರೆ ಹಿಮಕ್ಕೆ ಉದುರುತ್ತದೆ—ಇವು ದೋಷ.

ಇವೆರಡನ್ನೂ ಬಲ್ಲ ಮೇಸ್ತ್ರಿ ಏನು ಮಾಡಿದನು? ಮೂಲೆಗಳನ್ನೂ ಬಾಗಿಲು ಕಿಟಕಿಗಳ ನಿಲುವುಗಳನ್ನೂ ಕಮಾನುಗಳನ್ನೂ ಇಟ್ಟಿಗೆಯಿಂದ ಕಟ್ಟಿದನು. ಆ ಇಟ್ಟಿಗೆಯ ಅಂಚನ್ನು ಹಲ್ಲುಹಲ್ಲಾಗಿ ಬಿಟ್ಟು, ಹಲ್ಲುಗಳ ಸಂದಿಗೆ ಚಕಮಕಿಯನ್ನು ಕೂಡಿಸಿದನು. ನಡುವಣ ಬಯಲನ್ನು ಚಕಮಕಿಯಿಂದ ತುಂಬುತ್ತ, ಕೆಲವು ಅಡಿ ಏರಿದ ಮೇಲೆ ಗಾರೆ ಬಿಗಿಯುವವರೆಗೂ ತಡೆದನು; ಆ ಮಟ್ಟದಲ್ಲಿ ಒಂದೋ ಎರಡೋ ಮೂರೋ ವರಸೆ ಇಟ್ಟಿಗೆಯ ಅಡ್ಡಪಟ್ಟಿಯನ್ನು ಹಾಯಿಸಿ, ಗೋಡೆಯ ಹೊರಮೈಯನ್ನು ಒಳಗರ್ಭಕ್ಕೆ ಬಿಗಿದು, ಮತ್ತೆ ಮಟ್ಟ ನೋಡಿಕೊಂಡು ಮೇಲಕ್ಕೆ ಸಾಗಿದನು. ದೂರದಿಂದ ನೋಡುವವನಿಗೆ ಬೂದುಬಣ್ಣದ ಗೋಡೆಯ ಮೇಲೆ ಕೆಂಪು ಅಂಚು, ಕೆಂಪು ಪಟ್ಟಿ. ಸೀರೆಗೆ ಕರೆ ಹಿಡಿದಂತೆ. ಹತ್ತಿರ ಹೋಗಿ ನೋಡಿದರೆ ಆ ಕರೆಯೇ ಬಟ್ಟೆಯನ್ನು ಬಿಚ್ಚಿಹೋಗದಂತೆ ಹಿಡಿದಿದೆ.

ಈ ಉಪಾಯವು ಚಿಲ್ಟರ್ನ್ ಮೇಸ್ತ್ರಿಯ ಸ್ವಂತ ಸೃಷ್ಟಿಯೆಂದು ತಿಳಿಯಬಾರದು. ಆ ಬೆಟ್ಟಗಳ ಬಳಿಯಲ್ಲಿಯೇ ಇರುವ ರೋಮನ್ ನಗರವಾದ ವೆರುಲೇಮಿಯಮ್ಮಿನ ಪ್ರಾಕಾರದಲ್ಲಿ, ಮೂರನೆಯ ಶತಮಾನದಷ್ಟು ಹಿಂದೆಯೇ, ಚಕಮಕಿಯ ನಡುವೆ ಚಪ್ಪಟೆ ಇಟ್ಟಿಗೆಯ ಅಡ್ಡಪಟ್ಟಿಗಳು ಓಡುತ್ತವೆ. ಆ ಪಾಳುನಗರದ ಇಟ್ಟಿಗೆಗಳನ್ನೇ ಆಯ್ದು, ಚಕಮಕಿಯೊಡನೆ ಬೆರೆಸಿ, ೧೦೭೭ರಿಂದ ಮುಂದಕ್ಕೆ ಸೇಂಟ್ ಆಲ್ಬನ್ಸ್ ಮಠದ ಚರ್ಚನ್ನು ಕಟ್ಟಿದರು. ಸಫಕ್ ಪ್ರಾಂತದ ಲಿಟಲ್ ವೆನಮ್ ಹಾಲ್ ೧೨೭೦–೮೦ರ ಸುಮಾರಿನದು. ಇಂಗ್ಲೆಂಡಿನಲ್ಲಿ ಉಳಿದಿರುವ ಅತಿ ಹಳೆಯ ಇಟ್ಟಿಗೆ ಮನೆಗಳಲ್ಲಿ ಅದೊಂದು. ಅದರಲ್ಲಿಯೂ ಇಟ್ಟಿಗೆಗೆ ಚಕಮಕಿ ಜೊತೆಯಾಗಿದೆ. ಚಿಲ್ಟರ್ನಿನ ಗ್ರೇಸ್ ಕೋರ್ಟ್ ಎಂಬ ಹದಿನಾರನೆಯ ಶತಮಾನದ ಸಿರಿವಂತರ ಮನೆಯಲ್ಲಿ ಇಟ್ಟಿಗೆ, ಚಕಮಕಿ, ಕಲ್ಲು ಮೂರೂ ಬೆರೆತಿವೆ. ಒಕ್ಕಲಿಗನು ಸ್ವೀಕರಿಸಿದ್ದು ಹೀಗೆ ದೀರ್ಘ ಪರಂಪರೆಯುಳ್ಳ ಒಂದು ರೀತಿಯನ್ನು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಕಮಕಿಯಿಂದ ಮೂಲೆ ಕಟ್ಟಲು ಸಾಧ್ಯವೇ ಇಲ್ಲ ಎಂಬ ಮಾತು ಪುಸ್ತಕಗಳಲ್ಲಿ ಆಗಾಗ ಕಂಡುಬರುತ್ತದೆ. ಇಂಗ್ಲೆಂಡಿನಲ್ಲಿ ದುಂಡು ಗೋಪುರದ ಚರ್ಚುಗಳು ಸುಮಾರು ೧೮೦ ಇದ್ದು, ಅವುಗಳಲ್ಲಿ ೧೨೦ಕ್ಕೂ ಮಿಕ್ಕವು ನಾರ್ಫಕ್ ಒಂದರಲ್ಲಿಯೇ ಇರುವುದನ್ನು ಅದಕ್ಕೆ ಸಾಕ್ಷಿಯಾಗಿ ಹೇಳುವುದು ರೂಢಿ: ಮೂಲೆಗೆ ಕಲ್ಲಿಲ್ಲವಾದುದರಿಂದ ಗೋಪುರವನ್ನೇ ದುಂಡಗೆ ಮಾಡಿದರು ಎಂದು. ಆದರೆ ಚಕಮಕಿಯಿಂದಲೇ ಮೂಲೆ ತಿರುಗಿಸಿದ ಹಳೆಯ ಚರ್ಚುಗಳು ಅದೇ ಪ್ರಾಂತದಲ್ಲಿ ಇವೆಯೆಂಬುದನ್ನು ಸ್ಟೀಫನ್ ಹಾರ್ಟ್ ಮೊದಲಾದ ವಿದ್ವಾಂಸರು ತೋರಿಸಿ ಈ ವಾದವನ್ನು ಪ್ರಶ್ನಿಸಿದ್ದಾರೆ. ಆದುದರಿಂದ ಇಟ್ಟಿಗೆಯ ಮೂಲೆಯನ್ನು ಅನಿವಾರ್ಯವೆನ್ನುವುದಕ್ಕಿಂತ ಉಚಿತವೆನ್ನುವುದು ಮೇಲು. ಅನಿವಾರ್ಯವಾದುದರಲ್ಲಿ ಆಯ್ಕೆಯಿಲ್ಲ, ಆಯ್ಕೆಯಿಲ್ಲದೆಡೆ ವಿಮರ್ಶೆಗೆ ಕೆಲಸವಿಲ್ಲ. ಔಚಿತ್ಯದಲ್ಲಿ ಆಯ್ಕೆಯುಂಟು.

೪

ಈ ಮನೆಗಳು ಹುಟ್ಟಿದ ಬಗೆಯನ್ನು ವಿವರಿಸುವ ಮೂರು ವಾದಗಳನ್ನು ಈಗ ತೂಗಿ ನೋಡಬಹುದು.

ಮೊದಲನೆಯದು ಭೂಗರ್ಭದ ವಾದ. ಅಲೆಕ್ ಕ್ಲಿಫ್ಟನ್-ಟೇಲರ್ ಅವರ ‘ದಿ ಪ್ಯಾಟರ್ನ್ ಆಫ್ ಇಂಗ್ಲಿಷ್ ಬಿಲ್ಡಿಂಗ್’ (೧೯೬೨) ಇದರ ಶ್ರೇಷ್ಠ ಪ್ರತಿಪಾದನೆ. ನೆಲದಡಿಯ ಕಲ್ಲು ಹೇಗೋ ನೆಲದ ಮೇಲಿನ ಮನೆ ಹಾಗೆ ಎಂಬುದನ್ನು ಅವರು ಬೆರಗಾಗುವಷ್ಟು ವಿವರಗಳೊಡನೆ ತೋರಿಸಿದ್ದಾರೆ. ಇದರಲ್ಲಿ ಬಹುಪಾಲು ಸತ್ಯವಿದೆ. ಆದರೆ ಅದೇ ಚಕಮಕಿ ನಾರ್ಫಕ್ಕಿನ ಕಡಲಂಚಿನಲ್ಲಿ ತೆರೆಗಳು ಉರುಟು ಮಾಡಿದ ಗುಂಡುಕಲ್ಲಾಗಿ, ಬಾಗುಹೆಂಚಿನ ಸೂರಿನ ಕೆಳಗೆ ನಿಲ್ಲುತ್ತದೆ. ವಿಲ್ಟ್‌ಷೈರಿನಲ್ಲಿ ಬಿಳಿಯ ಕಲ್ಲಿನೊಡನೆ ಚದುರಂಗದ ಮಣೆಯಂತೆ ಸೇರುತ್ತದೆ. ಬ್ರೈಟನ್ನಿನಲ್ಲಿ ಒಡಕು ಇಟ್ಟಿಗೆ, ಸುಣ್ಣಗಳೊಡನೆ ಹಲಗೆಗಳ ನಡುವೆ ಸುರಿದ ಕಲಬೆರಕೆಯ ಗೋಡೆಯಾಗುತ್ತದೆ. ಕಲ್ಲು ಒಂದೇ, ಮಾತು ನಾಲ್ಕು. ಭೂಗರ್ಭವು ಶಬ್ದಕೋಶವನ್ನು ಕೊಡಬಲ್ಲುದು, ವಾಕ್ಯವನ್ನು ಕಟ್ಟಲಾರದು.

ಎರಡನೆಯದು ತೆರಿಗೆಯ ವಾದ. ಅಮೆರಿಕದ ಯುದ್ಧದ ಸಾಲವನ್ನು ತೀರಿಸಲು ಬ್ರಿಟಿಷ್ ಸರಕಾರವು ೧೭೮೪ರಲ್ಲಿ ಸಾವಿರ ಇಟ್ಟಿಗೆಗೆ ಎರಡೂವರೆ ಷಿಲ್ಲಿಂಗಿನಂತೆ ತೆರಿಗೆ ಹಾಕಿತು. ಅದು ರದ್ದಾದುದು ೧೮೫೦ರಲ್ಲಿ. ಇಟ್ಟಿಗೆಯನ್ನು ಉಳಿಸಲೆಂದೇ ಚಕಮಕಿಯನ್ನು ತುಂಬಿದರೆಂದು ಹೇಳುವವರಿದ್ದಾರೆ. ತೆರಿಗೆಯಿದ್ದ ಕಾಲದಲ್ಲಿ ಮಿತವ್ಯಯದ ಒತ್ತಡ ಹೆಚ್ಚಿದ್ದಿರಬಹುದು. ಆದರೆ ಈ ರೀತಿಯ ಮನೆಗಳು ತೆರಿಗೆಗಿಂತ ನೂರು ವರ್ಷ ಹಿಂದಿನಿಂದಲೂ ಇವೆ. ಕಾರ್ಯಕ್ಕಿಂತ ಕಾರಣವು ತಡವಾಗಿ ಹುಟ್ಟಲಾರದು.

ಮೂರನೆಯದು ಆರ್ಥಿಕವಾದ. ಡಬ್ಲ್ಯು. ಜಿ. ಹಾಸ್ಕಿನ್ಸ್ ಅವರು ೧೯೫೩ರ ಪ್ರಸಿದ್ಧ ಲೇಖನವೊಂದರಲ್ಲಿ, ೧೫೭೦ರಿಂದ ೧೬೪೦ರವರೆಗೆ ಇಂಗ್ಲೆಂಡಿನ ಹಳ್ಳಿಗಾಡು ತನ್ನ ಮನೆಗಳನ್ನು ಹೊಸದಾಗಿ ಕಟ್ಟಿಕೊಂಡಿತೆಂದು ಪ್ರತಿಪಾದಿಸಿದರು. ಧಾನ್ಯದ ಬೆಲೆ ಏರುತ್ತಿತ್ತು. ಗೇಣಿ ಬಹುಮಟ್ಟಿಗೆ ಸ್ಥಿರವಾಗಿದ್ದ ರೈತರ ಕೈಯಲ್ಲಿ ಹಣ ಉಳಿಯಿತು. ಆ ಹಣ ಮನೆಯಾಯಿತು. ಕಾಲವನ್ನು ಕುರಿತು ಆರ್. ಮೇಚಿನ್ ಅವರು ೧೯೭೭ರಲ್ಲಿ ಆಕ್ಷೇಪಣೆ ಎತ್ತಿ, ವರ್ಷವನ್ನು ಕೆತ್ತಿರುವ ಮನೆಗಳನ್ನು ಎಣಿಸಿದರೆ ಕಟ್ಟುವಿಕೆಯ ಶಿಖರವು ಹದಿನೇಳನೆಯ ಶತಮಾನದ ಕೊನೆಯ ಕಡೆಗೆ ಸರಿಯುತ್ತದೆಂದು ತೋರಿಸಿದರು. ನಮ್ಮ ವಸ್ತುವಿಗೆ ಮೇಚಿನ್ ಅವರ ಕಾಲವೇ ಹೆಚ್ಚು ಹೊಂದುತ್ತದೆ. ಆದರೆ ಹಣವಿತ್ತೆಂಬುದು ಮನೆಯನ್ನು ಯಾವಾಗ ಕಟ್ಟಿದರೆಂಬುದಕ್ಕೆ ಉತ್ತರವೇ ಹೊರತು, ಅದು ಏಕೆ ಚೆನ್ನಾಗಿದೆಯೆಂಬುದಕ್ಕೆ ಉತ್ತರವಲ್ಲ.

ಮೂರು ವಾದಗಳೂ ಒಂದೊಂದು ಅಂಶವನ್ನು ಹಿಡಿದಿವೆ. ಮೂರೂ ಮೇಸ್ತ್ರಿಯನ್ನು ಬಿಟ್ಟಿವೆ.

೫

ಚಿಲ್ಟರ್ನ್ ಒಕ್ಕಲುಮನೆಯ ಮುಂದೆ ನಿಂತವನ ಕಣ್ಣಿಗೆ ಮೊದಲು ಬೀಳುವುದು ಅನೇಕ ವೇಳೆ ಚಕಮಕಿಯಲ್ಲ, ಇಟ್ಟಿಗೆಯೇ. ಹಾದಿಯ ಕಡೆಯ ಗೋಡೆ ಪೂರ್ತಿ ಇಟ್ಟಿಗೆ. ಬಾಗಿಲು ನಡುವೆ, ಕಿಟಕಿಗಳು ಎರಡು ಕಡೆಗೂ ಸಮವಾಗಿ. ಪಕ್ಕಕ್ಕೆ ತಿರುಗಿದರೆ ಚಕಮಕಿ ಕಾಣಿಸಿಕೊಳ್ಳುತ್ತದೆ. ಹಿಂದಕ್ಕೆ ಹೋದರೆ ಸೂರು ನೆಲದತ್ತ ಇಳಿದು ಬಂದು ಹಾಲಿನ ಕೋಣೆಯನ್ನೋ ಪಾತ್ರೆ ತೊಳೆಯುವ ಕೋಣೆಯನ್ನೋ ತನ್ನ ಅಡಿಗೆ ಸೇರಿಸಿಕೊಂಡಿರುತ್ತದೆ. ಅಲ್ಲಿ ಚಕಮಕಿ, ಇಟ್ಟಿಗೆಯ ಚೂರು, ಸುಣ್ಣದ ಕಲ್ಲು ಎಲ್ಲವೂ ಬೆರಕೆ. ಒಳಗೆ ಹೋದರೆ ಮತ್ತೊಂದು ಆಶ್ಚರ್ಯ: ಎಷ್ಟೋ ಮನೆಗಳಲ್ಲಿ ಇಟ್ಟಿಗೆ ಚಕಮಕಿಗಳ ಈ ಗೋಡೆಯ ಹಿಂದೆ ಅದಕ್ಕಿಂತ ಹಳೆಯ ಮರದ ಚೌಕಟ್ಟು ಹಾಗೆಯೇ ನಿಂತಿದೆ. ಮನೆಯನ್ನು ಹೊಸದಾಗಿ ಕಟ್ಟಿದುದಲ್ಲ. ಹಳೆಯ ಮನೆಗೆ ಹೊಸ ಮೈ ತೊಡಿಸಿದುದು.

ರಸ್ಕಿನ್ನನ ಏಳು ದೀಪಗಳಲ್ಲಿ ‘ಸತ್ಯ’ವೂ ಒಂದು. ಆ ದೀಪದ ಬೆಳಕಿನಲ್ಲಿ ನೋಡಿದರೆ ಈ ಮನೆ ಮುಖದಲ್ಲಿ ಒಂದು, ಬೆನ್ನಿನಲ್ಲಿ ಒಂದು, ಎಲುಬಿನಲ್ಲಿ ಇನ್ನೊಂದು ಮಾತಾಡುವ ಕಪಟಿಯಂತೆ ಕಾಣುತ್ತದೆ. ಈ ತೀರ್ಪು ಅರ್ಧ ಸರಿ. ಮುಂಭಾಗದ ಇಟ್ಟಿಗೆಯು ಹಾದಿಯಲ್ಲಿ ಹೋಗುವವರಿಗೆ ಹೇಳಿದ ಮಾತು: ಈ ಮನೆಯ ಒಡೆಯನು ಕೂಲಿಯವನಲ್ಲ, ಸ್ಥಿತಿವಂತ ಎಂದು. ಅದು ಪೃಥಗ್ಯತ್ನ, ಬೇರೆಯಾಗಿಯೇ ಮಾಡಿದ ಪ್ರಯತ್ನ. ಆದರೆ ಆ ಮುಖದಲ್ಲಿಯೂ ಒಂದು ವಿಶೇಷವನ್ನು ಗಮನಿಸಬೇಕು. ಇಟ್ಟಿಗೆಯ ಉದ್ದಮುಖ ಒಂದು, ತಲೆಮುಖ ಒಂದು, ಹೀಗೆ ಸರದಿಯಾಗಿ ಬರುವ ಫ್ಲೆಮಿಷ್ ಜೋಡಣೆಯಲ್ಲಿ ತಲೆಮುಖಗಳೆಲ್ಲ ನೀಲಿಬೂದು ಬಣ್ಣಕ್ಕೆ ಹೊಳೆಯುತ್ತವೆ. ಸೌದೆಯ ಗೂಡಿನಲ್ಲಿ ಉರಿಗೆ ತೀರ ಹತ್ತಿರವಿದ್ದ ಇಟ್ಟಿಗೆಗಳ ತುದಿಯು ಬೂದಿಯ ಕ್ಷಾರದಿಂದ ಗಾಜುಗಟ್ಟಿ ಆ ಬಣ್ಣಕ್ಕೆ ತಿರುಗುತ್ತಿತ್ತು. ಅತಿಯಾಗಿ ಬೆಂದುದೆಂದು ಎಸೆಯಬೇಕಾದುದನ್ನು ಮೇಸ್ತ್ರಿ ಎಸೆಯದೆ, ಬೆಂದ ತಲೆಯನ್ನು ಹೊರಕ್ಕೆ ತಿರುಗಿಸಿ ಇಟ್ಟನು. ಗೂಡಿನ ತಪ್ಪು ಗೋಡೆಯ ಒಡವೆಯಾಯಿತು. ಕಲ್ಲಿದ್ದಲಿನ ಗೂಡುಗಳು ಬಂದ ಮೇಲೆ ಈ ಬಣ್ಣವೂ ಹಿಂದೆ ಸರಿಯಿತು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬಹುದೆಂದು ತೋರುತ್ತದೆ: ವಾಸ್ತುವಿನ ದೃಷ್ಟಿಯಿಂದ ಈ ಮನೆಯ ಮುಂಭಾಗಕ್ಕಿಂತ ಪಕ್ಕದ ಗೋಡೆ ಉತ್ತಮ. ಮುಂಭಾಗವು ನಗರದ ಮಾತನ್ನು ಹಳ್ಳಿಯ ಉಚ್ಚಾರಣೆಯಲ್ಲಿ ಆಡುತ್ತದೆ. ಪಕ್ಕದ ಗೋಡೆ ತನ್ನ ಮಾತನ್ನೇ ಆಡುತ್ತದೆ. ಅಲ್ಲಿಯ ಕೆಂಪು ಪಟ್ಟಿಯನ್ನು ತೆಗೆದರೆ ಚೆಲುವು ಮಾತ್ರವಲ್ಲ, ಗೋಡೆಯೇ ಹೋಗುತ್ತದೆ. ಅಲಂಕಾರ ಯಾವುದು, ಅಲಂಕಾರ್ಯ ಯಾವುದು ಎಂದು ಬೇರ್ಪಡಿಸಲಾಗದ ಈ ಸ್ಥಿತಿಯನ್ನೇ ಆನಂದವರ್ಧನನು ಬಯಸಿದುದು. ಕವಿಗೆ ರಸದಲ್ಲಿ ಇರುವ ತನ್ಮಯತೆ ಮೇಸ್ತ್ರಿಗೆ ಗೋಡೆ ನಿಲ್ಲಬೇಕೆಂಬುದರಲ್ಲಿ ಇತ್ತು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಗೋಡೆಯು ಶೋಕವನ್ನಾಗಲಿ ಶೃಂಗಾರವನ್ನಾಗಲಿ ಆಸ್ವಾದ್ಯವಾಗಿಸಲಾರದು. ಆದರೆ ಎರಡರಿಂದಲೂ ಹೊಮ್ಮುವ ಅಲಂಕಾರದ ಜಾತಿ ಒಂದೇ.

ಈ ಮೆಚ್ಚುಗೆಗೆ ಒಂದು ಮಿತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಚಕಮಕಿ ಅಗ್ಗವಾಗಿತ್ತೆಂದು ನಾವು ಬರೆಯುತ್ತೇವೆ. ಅದು ಅಗ್ಗವಾದುದು ಹೇಗೆ? ಉತ್ತ ಹೊಲದಲ್ಲಿ ಎದ್ದ ಕಲ್ಲುಗಳನ್ನು ಮಳೆ ಚಳಿಗಳಲ್ಲಿ ಬಾಗಿ ಆಯ್ದವರು ಕೂಲಿಕಾರರ ಹೆಂಗಸರು ಮತ್ತು ಮಕ್ಕಳು. ರಸ್ತೆಯ ದುರಸ್ತಿಗೂ ಗೋಡೆಗೂ ಹೋದ ಆ ಕಲ್ಲಿಗೆ ದೊರೆತ ಕೂಲಿ ಅತ್ಯಲ್ಪ. ಆ ಗೋಡೆಯೊಳಗೆ ನಡೆದ ಜೀವನವೂ ಬದಲಾಗದೆ ಉಳಿಯಲಿಲ್ಲ. ವಿಲಿಯಂ ಕಾಬೆಟ್ಟನು ೧೮೨೫ರ ಅಕ್ಟೋಬರಿನಲ್ಲಿ, ಚಿಲ್ಟರ್ನಿನಲ್ಲಲ್ಲ, ಸರ್ರೆ ಪ್ರಾಂತದ ರೈಗೇಟಿನ ಬಳಿ, ಒಕ್ಕಲುಮನೆಯೊಂದರ ಹರಾಜಿಗೆ ಹೋಗಿದ್ದನು. ಆಳುಗಳೂ ಒಡೆಯನೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದ ಓಕ್ ಮರದ ಉದ್ದನೆಯ ಮೇಜು ಮೂಲೆಗುಂಪಾಗಿ, ರತ್ನಗಂಬಳಿಯ ಬೈಠಕ್‌ಖಾನೆಯೊಂದು ಅಲ್ಲಿ ತಲೆಯೆತ್ತಿದ್ದುದನ್ನು ಕಂಡು ಆತನು ಸಿಡಿದೆದ್ದು ಬರೆದನು. ಇಟ್ಟಿಗೆಯ ಮುಂಭಾಗ ಹೊರಗೆ ಮಾಡಿದ ಕೆಲಸವನ್ನೇ ಆ ಬೈಠಕ್‌ಖಾನೆ ಒಳಗೆ ಮಾಡಿತು: ಒಡೆಯನನ್ನು ಆಳಿನಿಂದ ಬೇರೆ ಮಾಡಿತು. ಮನೆಯ ಚೆಲುವನ್ನು ಹೇಳುವಾಗ ಇದನ್ನು ಮರೆತರೆ ನಮ್ಮ ವಿಮರ್ಶೆ ಅರ್ಧ ಕುರುಡಾಗುತ್ತದೆ.

೬

ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೀತಿಯ ಬಾಳು ತಲೆಕೆಳಗಾಯಿತು. ರೈಲು ಬಂದಿತು, ಇಟ್ಟಿಗೆಯ ತೆರಿಗೆ ಹೋಯಿತು, ಯಂತ್ರದ ಇಟ್ಟಿಗೆ ಅಗ್ಗವಾಯಿತು. ಒಂದು ಇಟ್ಟಿಗೆಯನ್ನು ಇಡುವುದಕ್ಕಿಂತ ಅಷ್ಟೇ ಜಾಗಕ್ಕೆ ಚಕಮಕಿಯನ್ನು ಆಯ್ದು, ಒಡೆದು, ಕೂಡಿಸುವುದಕ್ಕೆ ಹೆಚ್ಚು ಕೂಲಿಯಾಗತೊಡಗಿತು. ಬಡವನ ಕಲ್ಲು ಸಿರಿವಂತರ ಕಲ್ಲಾಯಿತು. ಜಮೀನುದಾರರು ತಮ್ಮ ಶಾಲೆಗಳಿಗೂ ಆಳುಗಳ ಮನೆಗಳಿಗೂ ಚಕಮಕಿಯನ್ನು ಸಮನಾಗಿ ಒಡೆಸಿ, ಅಳೆದ ಅಂತರದಲ್ಲಿ ಇಟ್ಟಿಗೆಯ ಪಟ್ಟಿಗಳನ್ನು ಓಡಿಸಿ, ‘ಚಿತ್ರದಂಥ’ ಮನೆಗಳನ್ನು ಕಟ್ಟಿಸಿದರು. ಇವುಗಳಲ್ಲಿ ಕೆಲಸದ ನಾಜೂಕು ಮೊದಲಿಗಿಂತ ಹೆಚ್ಚು. ಕಣ್ಣಿಗೆ ಇಷ್ಟವಾಗದೆಯೂ ಇರುವುದ�ಿಲ್ಲ. ಆದರೂ ಪಟ್ಟಿ ಎಲ್ಲಿ ಬೇಕೆಂಬುದನ್ನು ಇಲ್ಲಿ ಗಾರೆ ನಿರ್ಧರಿಸಲಿಲ್ಲ, ನಕ್ಷೆ ನಿರ್ಧರಿಸಿತು. ಹಳೆಯ ಮಾತನ್ನು ಕಂಠಪಾಠ ಮಾಡಿ ಒಪ್ಪಿಸಿದಂತಾಯಿತು.

ನಮ್ಮ ಕಾಲದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಾರ್ಖಾನೆಯಲ್ಲಿ ಕಾಂಕ್ರೀಟಿನ ಅಚ್ಚುಗಳ ಮುಖಕ್ಕೆ ಚಕಮಕಿಯನ್ನು ಅಂಟಿಸಿ, ಆ ಅಚ್ಚುಗಳನ್ನು ಜೋಡಿಸಿ ಗೋಡೆ ಎಬ್ಬಿಸುವ ಪದ್ಧತಿ ಬಂದಿದೆ. ಹಳ್ಳಿಯ ಹಳೆಯ ಚಹರೆಯನ್ನು ಉಳಿಸಬೇಕೆಂಬ ಸದುದ್ದೇಶವೇ ಅನೇಕ ವೇಳೆ ಇದಕ್ಕೆ ಪ್ರೇರಣೆ. ಅಚ್ಚು ಅಚ್ಚುಗಳ ನಡುವಣ ನೇರ ಸಂದಿಯನ್ನು ಮರೆಸಲು ಬಿಡಿಗಲ್ಲುಗಳನ್ನು ಮತ್ತೆ ಕೈಯಿಂದಲೇ ತುಂಬಬೇಕಾಗುತ್ತದೆ. ತುಂಬದೆ ಬಿಟ್ಟರೆ ಗೋಡೆ ತನ್ನ ಗುಟ್ಟನ್ನು ತಾನೇ ಹೇಳಿಬಿಡುತ್ತದೆ. ಇಲ್ಲಿ ಚಕಮಕಿ ಏನನ್ನೂ ಹೊರುವುದಿಲ್ಲ, ಇಟ್ಟಿಗೆ ಏನನ್ನೂ ಬಿಗಿಯುವುದಿಲ್ಲ. ಒಂದರ ಕೊರತೆಯನ್ನು ಮತ್ತೊಂದು ತುಂಬಿದುದರಿಂದ ಹುಟ್ಟಿದ ರೂಪವು, ಆ ಕೊರತೆಯೇ ಇಲ್ಲದ ಕಡೆ ವೇಷವಾಗಿ ಉಳಿದಿದೆ.

ಇದಕ್ಕಿಂತ ಹೆಚ್ಚಿನ ಹಾನಿ ಹಳೆಯ ಗೋಡೆಗಳಿಗೇ ಒದಗಿದೆ. ೧೮೨೪ರಲ್ಲಿ ಜೋಸೆಫ್ ಆಸ್ಪ್‌ಡಿನ್ ಹಕ್ಕುಪತ್ರ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸಂತತಿಯು ಇಪ್ಪತ್ತನೆಯ ಶತಮಾನದಲ್ಲಿ ದುರಸ್ತಿಯ ಸಾಮಾನ್ಯ ಸಾಮಗ್ರಿಯಾಯಿತು. ಚಕಮಕಿ ನೀರನ್ನು ಬಿಡುವುದಿಲ್ಲ, ಹೀರುವುದೂ ಇಲ್ಲ. ಆದ್ದರಿಂದ ಗೋಡೆಯೊಳಗೆ ಸೇರಿದ ತೇವವೆಲ್ಲ ಗಾರೆಯ ಸಂದುಗಳಿಂದಲೂ ಇಟ್ಟಿಗೆಯ ಮೈಯಿಂದಲೂ ಆರಬೇಕು. ಸಂದುಗಳನ್ನು ಗಟ್ಟಿ ಸಿಮೆಂಟಿನಿಂದ ಮುಚ್ಚಿದರೆ ತೇವಕ್ಕೆ ಉಳಿಯುವ ದಾರಿ ಇಟ್ಟಿಗೆಯೊಂದೇ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಇಟ್ಟಿಗೆಯ ಮುಖ ಸಿಡಿದು ಉದುರುತ್ತದೆ. ಗಟ್ಟಿಯಾದುದು ಒಳ್ಳೆಯದೆಂಬ ಸುಲಭ ತರ್ಕದಿಂದ ಎಷ್ಟೋ ಮನೆಗಳು ಮುನ್ನೂರು ವರ್ಷಗಳಲ್ಲಿ ಆಗದಿದ್ದ ಕೇಡನ್ನು ಮೂವತ್ತು ವರ್ಷಗಳಲ್ಲಿ ಅನುಭವಿಸಿದುವು. ವಿಲಿಯಂ ಮಾರಿಸ್ ಮತ್ತು ಆತನ ಮಿತ್ರರು ೧೮೭೭ರಲ್ಲಿ ಸ್ಥಾಪಿಸಿದ ಪುರಾತನ ಕಟ್ಟಡಗಳ ಸಂರಕ್ಷಣ ಸಂಘವು ಸುಣ್ಣದ ಗಾರೆಗೇ ಮರಳಬೇಕೆಂದು ಬೋಧಿಸುತ್ತ ಬಂದಿರುವುದು ಇದರಿಂದಲೇ. ೧೯೪೭ರ ಪಟ್ಟಣ ಮತ್ತು ಗ್ರಾಮ ಯೋಜನೆಯ ಕಾಯಿದೆಯಿಂದ ಮೊದಲಾದ ಪಟ್ಟಿಯಲ್ಲಿ ಇಂಥ ಒಕ್ಕಲುಮನೆಗಳು ಬಹುಸಂಖ್ಯೆಯಲ್ಲಿ ಸೇರಿವೆ. ಆದರೆ ಪಟ್ಟಿಯು ಮನೆಯನ್ನು ಕೆಡವದಂತೆ ತಡೆಯಬಲ್ಲುದು. ಮನೆಯನ್ನು ತಿಳಿದುಕೊಳ್ಳುವ ಕೆಲಸವನ್ನು ಅದು ನಮ್ಮ ಪರವಾಗಿ ಮಾಡಲಾರದು.

ಮೊದಲಿನ ಪ್ರಶ್ನೆಗೆ ಈಗ ಹಿಂದಿರುಗಬಹುದು. ಉಪಯೋಗವನ್ನು ಮೀರಿದುದೇ ವಾಸ್ತುಶಿಲ್ಪ ಎಂಬ ಲಕ್ಷಣವನ್ನು ಒಪ್ಪಿದರೆ ಈ ಮನೆಯ ಮುಂಭಾಗ ವಾಸ್ತುಶಿಲ್ಪ, ಪಕ್ಕದ ಗೋಡೆ ಬರಿಯ ಕಟ್ಟಡ. ಕಾಂಕ್ರೀಟಿನ ಮೇಲೆ ಅಂಟಿಸಿದ ಚಕಮಕಿಯಂತೂ ಉಪಯೋಗವನ್ನು ಪೂರ್ತಿ ಮೀರಿದುದರಿಂದ ಎಲ್ಲಕ್ಕಿಂತ ದೊಡ್ಡ ವಾಸ್ತುಶಿಲ್ಪವಾಗಬೇಕಾಗುತ್ತದೆ. ಇಂಥ ತೀರ್ಮಾನವನ್ನು ರಸ್ಕಿನ್ನನೇ ಒಪ್ಪುತ್ತಿರಲಿಲ್ಲ. ಒಪ್ಪಲಾಗದ ತೀರ್ಮಾನಕ್ಕೆ ಒಯ್ಯುವ ಲಕ್ಷಣದಲ್ಲಿ ದೋಷವಿರಬೇಕು. ಅಪೃಥಗ್ಯತ್ನದ ಲಕ್ಷಣವನ್ನು ಹಿಡಿದರೆ ಮೂರಕ್ಕೂ ಸಲ್ಲಬೇಕಾದ ಸ್ಥಾನ ಸಲ್ಲುತ್ತದೆ. ದೊಡ್ಡ ಕಟ್ಟಡಗಳಿಗೆ ಈ ಅಳತೆ ಸಾಲದೆ ಹೋಗಬಹುದು. ಕತೀಡ್ರಲ್ಲಿನ ಗೋಪುರವನ್ನು ಇದರಿಂದ ಅಳೆಯಲು ನಾನು ಹೊರಡುವುದಿಲ್ಲ. ಆದರೆ ಹೆಸರಿಲ್ಲದ ಮೇಸ್ತ್ರಿಗಳು ಕಟ್ಟಿದ ಸಾವಿರಾರು ಮನೆಗಳನ್ನು ‘ಮುದ್ದಾಗಿವೆ’ ಎಂಬ ಒಂದು ಮಾತಿನಿಂದ ತಳ್ಳಿಹಾಕದೆ, ಯಾವುದು ಏಕೆ ಚೆನ್ನು, ಯಾವುದು ಏಕೆ ಅಲ್ಲ ಎಂದು ಕಾರಣಕೊಟ್ಟು ಹೇಳಲು ಇದು ನಮಗೆ ನೆರವಾಗುತ್ತದೆ. ವಿಮರ್ಶೆಯಿಂದ ನಾವು ಅಪೇಕ್ಷಿಸುವುದೂ ಅಷ್ಟನ್ನೇ. ಇಂಗ್ಲಿಷ್ ಕಾದಂಬರಿಗಳಲ್ಲಿ ಒಕ್ಕಲುಮನೆಯ ಹೆಸರು ಬಂದಾಗಲೆಲ್ಲ ಹಸುರು ಬೇಲಿಯ ಹಿಂದಿನ ಬಣ್ಣದ ಚಿತ್ರವೊಂದನ್ನು ಕಲ್ಪಿಸಿಕೊಂಡು ಮುಂದೆ ಸಾಗುವ ನಮ್ಮ ವಿದ್ಯಾರ್ಥಿಗಳು, ಆ ಮನೆಯ ಪಕ್ಕದ ಗೋಡೆಯ ಬಳಿ ಒಂದು ಕ್ಷಣ ನಿಂತು, ಕೆಂಪು ಪಟ್ಟಿ ಅಲ್ಲೇಕೆ ಇದೆಯೆಂದು ಕೇಳಿಕೊಂಡರೆ ಈ ಲೇಖನದ ಶ್ರಮ ಸಾರ್ಥಕ.